ಚೌಗುಲೆ ಓಡಿದ ಆ ಓಟ!

ಸಿಂಧನೂರಿನಿಂದ ಲಿಂಗಸುಗೂರಿನ ಕಡೆ ಓಡುತ್ತಾ ಹೊರಟಿದ್ದೀರಿ ಅಂದುಕೊಳ್ಳಿ. ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು ಹಿಂದಾದವು. ಅಶೋಕನ ಶಾಸನದ ಮಸ್ಕಿಯೂ ಹಿಂದಾಯಿತು. ಎರೆಹೊಲಗಳ ನಡುವೆ ಇನ್ನೂ ಓಡಬೇಕು, ಲಿಂಗಸುಗೂರಿನ ಕಡೆಗೆ ಬಹುದೂರ. ಹೆಚ್ಚುಕಡಿಮೆ ಅಷ್ಟು ದೂರ, 42.75 ಕಿ.ಮೀ.! 1920ರ ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನ್ ಇಷ್ಟುದ್ದ ಇತ್ತು. ಇಷ್ಟು ಉದ್ದದ ಮ್ಯಾರಥಾನ್ ಒಲಿಂಪಿಕ್ಸಿನಲ್ಲಿ ಮತ್ತೊಂದು ನಡೆದಿಲ್ಲ. ಅದನ್ನು ಓಡಿ ಮುಗಿಸಿದವರಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಒಬ್ಬರು!

2 ಗಂಟೆ 50 ನಿಮಿಷ 45 ಸೆಕೆಂಡು. 19ನೇ ಸ್ಥಾನ. ಗೆದ್ದ ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನನ್‌ಗಿಂತ 18 ನಿಮಿಷ ಹಿಂದೆ.

ಹತ್ತೊಂಬತ್ತನೆಯವರೇ ಎಂದು ಮೂಗು ಮುರಿಯುವ ಮೊದಲು ಪೆನ್ನು ಹಿಡಿದು ಭಾಗಿಸಿ ನೋಡಿ. ಒಂದು ಕಿಲೋಮೀಟರಿಗೆ ಪೂರ್ತಿ ನಾಲ್ಕು ನಿಮಿಷವೂ ಹಿಡಿದಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದು ಬೆಳಗಿನ ಜಾವ ಬೆವರಿಳಿಸುವ ನಮ್ಮ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಮುಗಿಸಿದವರು ಮಂಡಿ ಹಿಡಿದು ಬಗ್ಗಿ ಏದುಸಿರು ಬಿಡುತ್ತಾರೆ. ಚೌಗುಲೆಯವರ ವೇಗದಲ್ಲಿ ಅದೇ ದೂರಕ್ಕೆ 6 ನಿಮಿಷ 23 ಸೆಕೆಂಡು ಸಾಕು. ಆ ಪರೀಕ್ಷೆಯನ್ನು ಉಸಿರಾಡಲೂ ನಿಲ್ಲದೆ ಒಂದರ ಬೆನ್ನಿಗೊಂದು ಇಪ್ಪತ್ತಾರು ಸಲ ಪಾಸಾಗಿ ಇನ್ನೂ ಮುಂದೆ ಓಡಿದ ಹಾಗಾಯಿತು! ನೂರು ವರ್ಷದ ಹಿಂದೆ!

ಇದೆಲ್ಲ ಶುರುವಾದದ್ದು ಪುಣೆಯ ಡೆಕ್ಕನ್ ಜಿಮಖಾನಾದ ಮೈದಾನದಲ್ಲಿ. 1919ರ ಕ್ರೀಡಾಕೂಟದಲ್ಲಿ ಹಳ್ಳಿಯ ರೈತಮಕ್ಕಳು ಬರಿಗಾಲಲ್ಲಿ ಓಡಿದ್ದನ್ನು ಉದ್ಯಮಿ ದೊರಾಬ್ಜಿ ಟಾಟಾ ಕಣ್ಣಾರೆ ಕಂಡರು. ಆ ರೈತಮಕ್ಕಳ ಸಮಯ ಯುರೋಪಿನ ಓಟಗಾರರಿಗೆ ಹತ್ತಿರಹತ್ತಿರ ಇತ್ತು! ಇವರನ್ನು ಒಲಿಂಪಿಕ್ಸಿಗೆ ಕಳಿಸಲೇಬೇಕೆಂದು ಟಾಟಾ ಹಟ ಹಿಡಿದರು. ನೂರು ಮೀಟರಿಗೆ ಎಷ್ಟು ಸಮಯವಿದ್ದರೆ ಆಯ್ಕೆಯಾಗಬಹುದು ಎಂದು ಕೇಳಿದರೆ, ಒಂದೆರಡು ನಿಮಿಷ ಇರಬಹುದು ಎಂದವರೂ ಜಿಮಖಾನಾದ ಸಮಿತಿಯಲ್ಲಿದ್ದರಂತೆ. ಅಂಥ ಕಾಲ ಅದು. ಸರ್ಕಾರದಿಂದ ಒಂದಿಷ್ಟು, ಸಾರ್ವಜನಿಕರಿಂದ ಒಂದಿಷ್ಟು, ಉಳಿದದ್ದಕ್ಕೆ ಟಾಟಾ ಅವರದೇ ಜೇಬು. ಕೊನೆಗೆ ಆರು ಜನ ಹಡಗು ಹತ್ತಿದರು. ಅವರಲ್ಲಿ ಇಬ್ಬರು ಕುಸ್ತಿಪಟುಗಳು. ಅವರಲ್ಲೊಬ್ಬರಾದ ರಣಧೀರ ಶಿಂದೆಗೆ ಕಂಚು ಕೈತಪ್ಪಿ ನಾಲ್ಕನೇ ಸ್ಥಾನ ಬಂತು. ಆ ಕಥೆಯೂ ಸಣ್ಣದಲ್ಲ.

ಮ್ಯಾರಥಾನಿಗೆ ಚೌಗುಲೆಯವರ ಜತೆ ಹೊರಟ ಸದಾಶಿವ ದಾತಾರ್ ಗುರಿ ಮುಟ್ಟಲಿಲ್ಲ. ಮುಟ್ಟಿದ ಭಾರತೀಯರು ಚೌಗುಲೆ ಒಬ್ಬರೇ. ಆಮೇಲೆ ಒಲಿಂಪಿಕ್ಸಿನಲ್ಲಿ ಅವರು ಮತ್ತೆ ಓಡಲೇ ಇಲ್ಲ. ಆ ಒಂದೇ ಕೂಟ, ಅಷ್ಟೇ. ಆದರೆ ನನಗೆ ಅತಿ ದೊಡ್ಡ ಬೆರಗು ಬೇರೆಯೇ ಇದೆ. ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿದ್ದು, ಅದೇ ಟಾಟಾ ಅದರ ಮೊದಲ ಅಧ್ಯಕ್ಷರಾದದ್ದು 1927ರಲ್ಲಿ. ಬೆಳಗಾವಿಯ ಈ ಮನುಷ್ಯ ಅದಕ್ಕೂ ಏಳು ವರ್ಷ ಮೊದಲೇ ಓಡಿ ಮುಗಿಸಿದ್ದರು!