ನಿಮಗಿದು ಗೊತ್ತೆ? ಲಾಗ್‌ಗೆ ಸೊನ್ನೆ ಆಗಿಬರುವುದಿಲ್ಲ!

ಕ್ಯಾಲ್ಕ್ಯುಲೇಟರ್‌ನಲ್ಲಿ ಸೊನ್ನೆಯ ಅಥವಾ –5ರ ಲಾಗ್ ಕೇಳಿ ನೋಡಿ, ಎರರ್ ಬರುತ್ತದೆ. ಕಾರಣ ಸರಳ. ಒಂದು ಸಂಖ್ಯೆಯ ಲಾಗ್ (ಲಾಗರಿದಮ್) ಎಂದರೆ, 10ಕ್ಕೆ ಯಾವ ಘಾತಾಂಕ ಕೊಟ್ಟರೆ ಆ ಸಂಖ್ಯೆ ಬರುತ್ತದೋ ಅದು. 10ರ ಘಾತ 2 ಆದರೆ 100, 0 ಆದರೆ 1, –3 ಆದರೆ 0.001. ಘಾತಾಂಕವನ್ನು ಎಷ್ಟೇ ಇಳಿಸಿದರೂ ಉತ್ತರ ಸೊನ್ನೆ ಮುಟ್ಟುವುದಿಲ್ಲ, ಋಣವಂತೂ ಆಗುವುದೇ ಇಲ್ಲ. ಹಾಗಾಗಿ ವಾಸ್ತವ ಸಂಖ್ಯೆಗಳ ಮಟ್ಟಿಗೆ ಲಾಗ್‌ನ ಡೊಮೇನ್, ಅಂದರೆ ಅದಕ್ಕೆ ಕೊಡಬಹುದಾದ ಬೆಲೆಗಳು, ಧನ ಸಂಖ್ಯೆಗಳು ಮಾತ್ರ.

ಡೊಮೇನ್ ಕಂಡುಹಿಡಿಯುವುದೂ ಸುಲಭ: ಆವರಣದೊಳಗೆ ಇರುವುದು ಸೊನ್ನೆಗಿಂತ ದೊಡ್ಡದಿರಬೇಕು, ಅಷ್ಟೇ. ಲಾಗ್(x² – 9) ತೆಗೆದುಕೊಳ್ಳಿ. x ಬೆಲೆ 3ಕ್ಕಿಂತ ಹೆಚ್ಚಿರಬೇಕು, ಇಲ್ಲವೇ –3ಕ್ಕಿಂತ ಕಡಿಮೆ ಇರಬೇಕು. ಇದನ್ನೇ ಲಾಗ್(x – 3) + ಲಾಗ್(x + 3) ಎಂದು ಬಿಡಿಸಿದಿರೋ, ಅರ್ಧ ಡೊಮೇನ್ ಕಳೆದುಹೋಯಿತು! x = –5 ಹಾಕಿದರೆ ಮೊದಲನೆಯದು ಲಾಗ್ 16; ಎರಡನೆಯದರಲ್ಲಿ –8 ಮತ್ತು –2ರ ಲಾಗ್, ಲೆಕ್ಕ ಅಲ್ಲೇ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಅಂಕ ಜಾರುವ ಜಾಗ ಇದು. ಬಿಡಿಸುವ ಮೊದಲೇ ಡೊಮೇನ್ ಬರೆದಿಟ್ಟುಕೊಳ್ಳಿ.

ಲಾಗ್‌ನ ಈ ಮಿತಿ ಗಣಿತಜ್ಞರನ್ನೂ ಕಾಡಿತ್ತು. ಜಾನ್ ನೇಪಿಯರ್ 1614ರಲ್ಲಿ ಲಾಗರಿದಮ್ ಕೋಷ್ಟಕ ಪ್ರಕಟಿಸಿದ. ಋಣ ಸಂಖ್ಯೆಗೆ ಲಾಗ್ ಉಂಟೇ ಎಂದು ಮುಂದೆ ಲೈಬ್ನಿಟ್ಸ್ ಮತ್ತು ಯೋಹಾನ್ ಬರ್ನೂಲಿ ಪತ್ರಗಳಲ್ಲೇ ವಾದಿಸಿದರು. ಉಂಟು, ಆದರೆ ಅದು ವಾಸ್ತವ ಸಂಖ್ಯೆಯಲ್ಲ, ಒಂದೊಂದಕ್ಕೂ ಅನಂತ ಬೆಲೆಗಳಿವೆ ಎಂದು ತೋರಿಸಿಕೊಟ್ಟವನು ಆಯ್ಲರ್.