ರೋಗಿಯ ಕೋಣೆಗೆ ಗೋಡೆ ಹೀಟರ್: ಕೊಳ್ಳುವ ಮೊದಲು ತಿಳಿದಿರಲಿ

ಕರ್ನಾಟಕದ ಹೆಚ್ಚಿನ ಮನೆಗಳಿಗೆ ರೂಮ್ ಹೀಟರ್‌ನ ಅಗತ್ಯವೇ ಬರುವುದಿಲ್ಲ. ಹಾಗಾಗಿ ದೆಹಲಿ, ನೋಯ್ಡಾ, ಗುರುಗ್ರಾಮದಲ್ಲಿ ನೆಲೆಸಿದ ಕನ್ನಡಿಗರು ವಯಸ್ಸಾದ ತಂದೆ ತಾಯಿಯನ್ನು ಊರಿನಿಂದ ಕರೆತಂದಾಗ, ಚಳಿ ಶುರುವಾದ ಮೇಲೆ ಅಂಗಡಿಗೆ ಹೋಗಿ ಸಿಕ್ಕಿದ ಹೀಟರ್ ತಂದು ಮಂಚದ ಪಕ್ಕ ಇಟ್ಟುಬಿಡುತ್ತಾರೆ. ಆರೋಗ್ಯವಂತರಿಗೆ ಅದು ನಡೆದೀತು. ಮನೆಯಲ್ಲಿ ರೋಗಿಯಿದ್ದರೆ ಮಾತ್ರ ಆಯ್ಕೆ ಬೇರೆಯೇ ಆಗಬೇಕು.

ಕೋಣೆ ಎಷ್ಟು ಬೆಚ್ಚಗಿರಬೇಕು?

ಚಳಿಯಲ್ಲಿ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ. ಹೃದಯಾಘಾತ, ಪಾರ್ಶ್ವವಾಯು ಚಳಿಗಾಲದಲ್ಲಿ ಹೆಚ್ಚುವುದಕ್ಕೆ ಇದೂ ಒಂದು ಕಾರಣ. ಚಳಿ ಪ್ರದೇಶಗಳಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಲಿ, ವೃದ್ಧರು ಮತ್ತು ದೀರ್ಘಕಾಲದ ಕಾಯಿಲೆಯವರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಅಂದಾಜಿನ ಮೇಲೆ ಹೋಗದೆ, ಗೋಡೆಗೆ ಒಂದು ಸಾದಾ ಉಷ್ಣಮಾಪಕ ತೂಗುಹಾಕಿ ನೋಡಿ.

ಮೈಗೆ ಶಾಖವೋ, ಕೋಣೆಗೆ ಶಾಖವೋ?

ಕೆಂಪಗೆ ಕಾಯುವ ಕಂಬಿಯ ಹೀಟರ್ ಎದುರಿಗೆ ಕೂತವರ ಮೈಯನ್ನು ನೇರವಾಗಿ ಕಾಯಿಸುತ್ತದೆ. ಹಿತವೆನಿಸುತ್ತದೆ, ನಿಜ. ಆದರೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಪಾರ್ಶ್ವವಾಯು ಆದವರು ಗೊತ್ತಾದರೂ ಸರಿದು ಕೂರಲಾರರು. ನಿದ್ರೆ ಮಾತ್ರೆ ತೆಗೆದುಕೊಂಡವರಿಗೆ ಎಚ್ಚರವಾಗದೆ ಇರಬಹುದು. ಇಂಥವರ ಕೋಣೆಗೆ ಬೇಕಾದದ್ದು ಗಾಳಿಯನ್ನು ನಿಧಾನವಾಗಿ ಬಿಸಿಮಾಡುವ, ಥರ್ಮೋಸ್ಟಾಟ್ ಇರುವ ಸಾಧನ.

ಅದು ಗೋಡೆಗೆ ಜೋಡಿಸಿದ್ದಾದರೆ ಇನ್ನೂ ಒಳ್ಳೆಯದು. ವಾಕರ್ ಹಿಡಿದು ನಡೆಯುವವರ ಕಾಲಿಗೆ ವೈರ್ ಸಿಗುವುದಿಲ್ಲ, ಹೀಟರ್ ಉರುಳಿ ಬೀಳುವುದೂ ಇಲ್ಲ. ಎರಡು ಆಯ್ಕೆಗಳಿವೆ. ಒಂದು, ಗೋಡೆಗೆ ಬಿಗಿಯುವ ಕನ್ವೆಕ್ಟರ್ ಹೀಟರ್. ಇನ್ನೊಂದು, ಬಿಸಿಗಾಳಿಯನ್ನೂ ಕೊಡುವ ‘ಹಾಟ್ ಅಂಡ್ ಕೋಲ್ಡ್’ ಇನ್ವರ್ಟರ್ ಎಸಿ. ಎಸಿ ಎತ್ತರದಲ್ಲಿರುವುದರಿಂದ ಮರೆವಿನ ಕಾಯಿಲೆಯವರ ಕೈಗೆ ಬಿಸಿ ಭಾಗ ಎಟುಕುವುದಿಲ್ಲ. ಆದರೆ ಎಲ್ಲ ಎಸಿಗಳೂ ಬಿಸಿಗಾಳಿ ಕೊಡುವುದಿಲ್ಲ, ಕೇಳಿ ಖಚಿತಪಡಿಸಿಕೊಳ್ಳಿ. ಗಾಳಿ ನೇರವಾಗಿ ಮುಖಕ್ಕೆ ಬೀಸದಂತೆ ಅದರ ದಿಕ್ಕು ತಿರುಗಿಸಿ.

ಕರೆಂಟ್ ಬಿಲ್ ಎಷ್ಟಾಗುತ್ತದೆ?

‘ಕಡಿಮೆ ಕರೆಂಟಿನಲ್ಲಿ ಹೆಚ್ಚು ಶಾಖ’ ಎಂಬ ಜಾಹೀರಾತನ್ನು ನಂಬಬೇಡಿ. ಕಂಬಿಯದಾಗಲಿ, ಕನ್ವೆಕ್ಟರ್ ಆಗಲಿ, ಎಣ್ಣೆ ತುಂಬಿದ್ದಾಗಲಿ, 1,500 ವ್ಯಾಟ್ ಹೀಟರ್ ಕೊಡುವುದು 1,500 ವ್ಯಾಟ್ ಶಾಖವನ್ನೇ. ಅದು 8 ಗಂಟೆ ಬಿಡದೆ ಉರಿದರೆ 12 ಯೂನಿಟ್ ಆಗುತ್ತದೆ. ಥರ್ಮೋಸ್ಟಾಟ್ ನಡುನಡುವೆ ಆಫ್ ಮಾಡುವುದರಿಂದ ಒಂದಿಷ್ಟು ಉಳಿಯುತ್ತದೆ. ಬಿಸಿ ಎಸಿಯ ಲೆಕ್ಕ ಬೇರೆ. ಅದು ಹೊರಗಿನ ಗಾಳಿಯಲ್ಲಿರುವ ಶಾಖವನ್ನೇ ಒಳಗೆ ಸಾಗಿಸುವುದರಿಂದ, ದೆಹಲಿಯಂಥ ಚಳಿಯಲ್ಲಿ ಒಂದು ಯೂನಿಟ್‌ಗೆ ಸುಮಾರು ಮೂರು ಯೂನಿಟ್‌ನಷ್ಟು ಶಾಖ ಸಿಗುತ್ತದೆ. ಕೊಳ್ಳುವಾಗ ದುಬಾರಿ, ಬಿಲ್ಲಿನಲ್ಲಿ ಅಗ್ಗ. ಕಿಟಕಿ ಬಾಗಿಲು ಸರಿಯಾಗಿ ಮುಚ್ಚುವ 10×12 ಅಡಿಯ ಕೋಣೆಗೆ ಸಾಮಾನ್ಯವಾಗಿ 1,000ದಿಂದ 1,500 ವ್ಯಾಟ್ ಹೀಟರ್ ಸಾಕು.

ವೈರಿಂಗ್ ಮೊದಲು, ಹೀಟರ್ ಆಮೇಲೆ

2,000 ವ್ಯಾಟ್ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್‌ನ ಸಣ್ಣ ಸಾಕೆಟ್ ಇದನ್ನು ತಡೆಯದು. ಎಕ್ಸ್‌ಟೆನ್ಷನ್ ಬೋರ್ಡ್ ಅಂತೂ ಬೇಡವೇ ಬೇಡ. ಅರ್ಥಿಂಗ್ ಇರುವ 16 ಆಂಪಿಯರ್ ಪಾಯಿಂಟ್, ಪ್ರತ್ಯೇಕ ಎಂಸಿಬಿ, ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇವೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ಹೀಟರ್ ಮೇಲೆ ಐಎಸ್‌ಐ ಗುರುತು ಇರಲಿ. ಬಾಡಿಗೆ ಮನೆಯಾದರೆ ಗೋಡೆ ಕೊರೆಯುವ ಮುನ್ನ ಮಾಲೀಕರನ್ನು ಕೇಳಿ.

ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇದ್ದರೆ ಅದಕ್ಕೂ ಹೀಟರ್‌ಗೂ ಒಂದೇ ಲೈನ್ ಕೊಡಬೇಡಿ. ಹೀಟರ್‌ನಿಂದ ಎಂಸಿಬಿ ಬಿದ್ದರೆ ಆಕ್ಸಿಜನ್ನೂ ನಿಂತುಹೋಗುತ್ತದೆ.

ಆಕ್ಸಿಜನ್, ಮುಲಾಮು, ಪ್ಯಾಚ್

ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಉರಿಯುವುದನ್ನು ಭುಗಿಲೆಬ್ಬಿಸುತ್ತದೆ. ಸಿಲಿಂಡರ್, ಕಾನ್ಸಂಟ್ರೇಟರ್, ಟ್ಯೂಬ್ ಹಾಕಿಕೊಂಡ ರೋಗಿ, ಯಾವುದೂ ಹೀಟರ್ ಹತ್ತಿರ ಇರಬಾರದು. ಕೆಂಪಗೆ ಕಾಯುವ ಕಂಬಿ ಇದ್ದರೆ ಕನಿಷ್ಠ 3 ಮೀಟರ್ ದೂರ ಬೇಕು. ಚಿಕ್ಕ ಕೋಣೆಯಲ್ಲಿ ಅಷ್ಟು ಜಾಗ ಸಿಗುವುದಿಲ್ಲ, ಆದ್ದರಿಂದ ಅಂಥ ಹೀಟರ್ ಅಲ್ಲಿಗೆ ತರಲೇಬೇಡಿ.

ಒಣಚರ್ಮಕ್ಕೆ ಹಚ್ಚುವ ಪ್ಯಾರಾಫಿನ್ ಮುಲಾಮು ಬಟ್ಟೆ, ಹಾಸಿಗೆಗೆ ಹಿಡಿದಿದ್ದರೆ ಅವು ಬೇಗ ಹೊತ್ತಿಕೊಳ್ಳುತ್ತವೆ. ಬಟ್ಟೆಯನ್ನು ಆಗಾಗ ಬಿಸಿನೀರಿನಲ್ಲಿ ಒಗೆಯಿರಿ, ಆದರೂ ಮುಲಾಮಿನ ಅಂಶ ಪೂರ್ತಿ ಹೋಗುವುದಿಲ್ಲ ಎಂಬುದು ನೆನಪಿರಲಿ. ಹಾಸಿಗೆ, ಪರದೆ ಹೀಟರ್‌ನಿಂದ ಕನಿಷ್ಠ ಒಂದು ಮೀಟರ್ ದೂರವಿರಲಿ. ಹೀಟರ್ ಮೇಲೆ ಬಟ್ಟೆ ಒಣಹಾಕಬೇಡಿ.

ತೀವ್ರ ನೋವಿಗೆ ಫೆಂಟಾನಿಲ್ ಪ್ಯಾಚ್ ಅಂಟಿಸಿಕೊಂಡವರ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಪ್ಯಾಚ್‌ಗೆ ಶಾಖ ತಗುಲಿದರೆ ಔಷಧ ಬೇಕಾದ್ದಕ್ಕಿಂತ ಬೇಗ ರಕ್ತಕ್ಕೆ ಸೇರುತ್ತದೆ. ವಿಪರೀತ ಮಂಪರು, ನಿಧಾನವಾದ ಉಸಿರಾಟ ಕಂಡರೆ ಪ್ಯಾಚ್ ಕಿತ್ತು ತಕ್ಷಣ 112ಕ್ಕೆ ಕರೆ ಮಾಡಿ. ಹೀಟರ್, ಬಿಸಿನೀರಿನ ಚೀಲ, ಎಲೆಕ್ಟ್ರಿಕ್ ಕಂಬಳಿ, ಎಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಔಷಧಗಳನ್ನೂ ಹೀಟರ್‌ನಿಂದ ದೂರವಿಡಿ. ಬಳಕೆಯಲ್ಲಿರುವ ಇನ್ಸುಲಿನ್ ಬಿಸಿಯಾದರೆ ಶಕ್ತಿ ಕಳೆದುಕೊಳ್ಳುತ್ತದೆ. ಒತ್ತಡದಲ್ಲಿ ಗ್ಯಾಸ್ ತುಂಬಿದ ಇನ್‌ಹೇಲರ್ ಅತಿಯಾಗಿ ಕಾದರೆ ಸಿಡಿಯಬಹುದು.

‘ಹೀಟರ್ ಆಮ್ಲಜನಕ ತಿನ್ನುತ್ತದೆ’ ನಿಜವೇ?

ಇಲ್ಲ. ವಿದ್ಯುತ್ ಹೀಟರ್‌ನಲ್ಲಿ ಏನೂ ಉರಿಯುವುದಿಲ್ಲ. ಮೂಗು, ಗಂಟಲು, ಕಣ್ಣು ಒಣಗುವುದು ಗಾಳಿ ಬಿಸಿಯಾಗಿ ಅದರ ತೇವಾಂಶದ ಪ್ರಮಾಣ ಇಳಿಯುವುದರಿಂದ. ಉಷ್ಣಾಂಶ ಅತಿ ಮಾಡದಿದ್ದರೆ, ನೀರು ಕುಡಿಯುತ್ತಿದ್ದರೆ ಸುಧಾರಿಸುತ್ತದೆ. ನೀರಿನ ಮೇಲೆ ಮಿತಿ ಇರುವ ಹೃದಯ ಅಥವಾ ಮೂತ್ರಪಿಂಡದ ರೋಗಿಗಳು ವೈದ್ಯರು ಹೇಳಿದಷ್ಟೇ ಕುಡಿಯಬೇಕು. ನಿಜವಾಗಿ ಪ್ರಾಣ ತೆಗೆಯುವುದು ಮುಚ್ಚಿದ ಕೋಣೆಯಲ್ಲಿಟ್ಟ ಇದ್ದಲಿನ ಅಂಗೀಠಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಕರೆಂಟ್ ಹೋದರೂ ಅದನ್ನು ಒಳಗೆ ತರಬೇಡಿ, ಇನ್ನೊಂದು ರಜಾಯಿ ಹೊದಿಸಿ.

ಅಂಗಡಿಗೆ ಹೋಗುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ರೋಗಿಗೆ ಬಿಸಿ ತಗುಲಿದ್ದು ತಿಳಿಯುತ್ತದೆಯೇ? ತಿಳಿದರೆ ತಾವಾಗಿ ಸರಿಯಬಲ್ಲರೇ? ಕೋಣೆಯಲ್ಲಿ ಆಕ್ಸಿಜನ್ ಅಥವಾ ಪ್ಯಾಚ್ ಇದೆಯೇ? ಬೆಲೆ, ಬ್ರ್ಯಾಂಡ್, ವ್ಯಾಟ್ ಎಲ್ಲವೂ ಈ ಉತ್ತರಗಳ ನಂತರದ ಮಾತು.