ಕೀರ್ತಿ ಬಂತು, ಮನೆ ಹೋಯಿತು

ಹೆಸರು ಮಾಡಬೇಕೆಂಬ ಆಸೆ ಯಾರಿಗಿಲ್ಲ? ಮಗ ತರಗತಿಗೆ ಮೊದಲಿಗನಾದರೆ ನಾವು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತೇವೆ. ಮಗಳು ಭಾಷಣ ಸ್ಪರ್ಧೆಯಲ್ಲಿ ಗೆದ್ದರೆ ಅವಳ ಫೋಟೊ ಅಂದೇ ಬಂಧುಗಳೆಲ್ಲರ ಮೊಬೈಲಿಗೆ ತಲುಪುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹೆಸರು ಎಂಬ ಅತಿಥಿ ಮನೆಗೆ ಒಂಟಿಯಾಗಿ ಬರುವುದಿಲ್ಲ. ಹೊಗಳಿಕೆ, ಅಸೂಯೆ, ಗಾಳಿಮಾತು ಎಲ್ಲವೂ ಅದರ ಹಿಂದೆಯೇ ಒಳಗೆ ಬರುತ್ತವೆ. ಅತಿಥಿ ಎದ್ದು ಹೋದ ಮೇಲೂ ಅವು ಉಳಿಯುತ್ತವೆ.

ಈ ಮಾತನ್ನು ಅರುವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಂದು ಹಿಂದಿ ಚಿತ್ರ ಹೇಳಿತ್ತು. ಅದರ ಹೆಸರು 'ಕಾಗಝ್ ಕೇ ಫೂಲ್', ಅಂದರೆ ಕಾಗದದ ಹೂಗಳು. 1959ರಲ್ಲಿ ತೆರೆಕಂಡ ಈ ಚಿತ್ರವನ್ನು ಅಂದಿನ ಪ್ರೇಕ್ಷಕರು ತಿರಸ್ಕರಿಸಿದರು. ಇಂದು ಅದನ್ನು ಭಾರತೀಯ ಚಿತ್ರರಂಗದ ಶ್ರೇಷ್ಠ ಕೃತಿಗಳ ಸಾಲಿನಲ್ಲಿ ಇಡುವವರಿದ್ದಾರೆ. ಅದೊಂದು ಸ್ವಾನುಕಂಪದ ಗೋಳು ಎನ್ನುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಅದನ್ನು ನೋಡುವ ಮೊದಲು ಆ ಚಿತ್ರ ಮಾಡಿದವರು ಯಾರೆಂದು ತಿಳಿಯೋಣ.

ಬೆಂಗಳೂರಿನಲ್ಲಿ ಹುಟ್ಟಿದ ಹುಡುಗ

ಗುರುದತ್ ಹುಟ್ಟಿದ್ದು 1925ರ ಜುಲೈ 9ರಂದು ನಮ್ಮ ಬೆಂಗಳೂರಿನಲ್ಲಿ. ಪಡುಕೋಣೆ ಎಂಬುದು ಅವರ ಮನೆತನದ ಹೆಸರು, ಕೊಂಕಣಿ ಮನೆಮಾತು. ಬಾಲ್ಯ ಕಳೆದದ್ದು ಕಲ್ಕತ್ತೆಯಲ್ಲಿ. ಅಲ್ಮೋರದಲ್ಲಿ ಉದಯಶಂಕರರ ಬಳಿ ನೃತ್ಯ ಕಲಿತು, ಪುಣೆಯ ಪ್ರಭಾತ್ ಫಿಲಂ ಕಂಪೆನಿಯಲ್ಲಿ ಕೆಲಸ ಮಾಡಿ, 1951ರಲ್ಲಿ 'ಬಾಝಿ' ಚಿತ್ರದ ಮೂಲಕ ನಿರ್ದೇಶಕರಾದರು. 1953ರಲ್ಲಿ ಪ್ರಸಿದ್ಧ ಗಾಯಕಿ ಗೀತಾ ರಾಯ್‌ರನ್ನು ವಿವಾಹವಾದರು. 'ಆರ್ ಪಾರ್', 'ಮಿಸ್ಟರ್ ಆ್ಯಂಡ್ ಮಿಸೆಸ್ 55' ಜನರನ್ನು ರಂಜಿಸಿದವು. 1957ರ 'ಪ್ಯಾಸಾ' ಅವರನ್ನು ಎತ್ತರಕ್ಕೇರಿಸಿತು. ಅಂಥ ಎತ್ತರದಲ್ಲಿ ನಿಂತಿದ್ದಾಗಲೇ ಅವರು ಕೈಗೆತ್ತಿಕೊಂಡದ್ದು ಕೀರ್ತಿ ಕಳೆದುಕೊಂಡ ನಿರ್ದೇಶಕನೊಬ್ಬನ ಕಥೆಯನ್ನು!

ಆ ನಿರ್ದೇಶಕನ ಹೆಸರು ಸುರೇಶ್ ಸಿನ್ಹಾ. ಪಾತ್ರವನ್ನು ಗುರುದತ್ ತಾವೇ ಮಾಡಿದರು. ಸುರೇಶ್ ದೊಡ್ಡ ಹೆಸರಿನವನು. ಆದರೆ ಪತ್ನಿ ವೀಣಾಳ ಶ್ರೀಮಂತ ತವರಿಗೆ ಸಿನಿಮಾದವರೆಂದರೆ ತಾತ್ಸಾರ. ದಂಪತಿ ಬೇರೆಯಾಗಿದ್ದಾರೆ. ಮಗಳು ಪಮ್ಮಿ ಡೆಹ್ರಾಡೂನಿನ ವಸತಿ ಶಾಲೆಯಲ್ಲಿ. ಮಗಳನ್ನು ನೋಡಲೂ ತಂದೆಗೆ ಸ್ವಾತಂತ್ರ್ಯವಿಲ್ಲ. ಒಂದು ಮಳೆಯ ರಾತ್ರಿ ಅವನು ಶಾಂತಿ ಎಂಬ ಅನಾಥ ಯುವತಿಗೆ ತನ್ನ ಕೋಟು ಕೊಡುತ್ತಾನೆ. ಅದನ್ನು ಮರಳಿಸಲು ಸ್ಟುಡಿಯೋಗೆ ಬಂದವಳು ತಿಳಿಯದೆ ಕ್ಯಾಮರಾದ ಮುಂದೆ ಹಾದು ಹೋಗುತ್ತಾಳೆ. ಅವಳೇ ಮುಂದೆ ಅವನ 'ದೇವದಾಸ್' ಚಿತ್ರದ ಪಾರೋ ಆಗುತ್ತಾಳೆ, ತಾರೆಯಾಗುತ್ತಾಳೆ. ಪತ್ರಿಕೆಗಳು ಇಬ್ಬರ ಹೆಸರನ್ನೂ ಸೇರಿಸಿ ಬರೆಯತೊಡಗುತ್ತವೆ.

ಶಾಲೆಯ ಅಂಗಳ ತಲುಪಿದ ಗಾಳಿಮಾತು

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಆ ಗಾಳಿಮಾತಿನ ಏಟು ಮೊದಲು ಬಿದ್ದದ್ದು ಯಾರ ಮೇಲೆ? ಸುರೇಶನ ಮೇಲಲ್ಲ, ಶಾಂತಿಯ ಮೇಲೂ ಅಲ್ಲ. ಪಮ್ಮಿಯ ಮೇಲೆ. ಜೊತೆಯ ಮಕ್ಕಳು ಅವಳನ್ನು ಚುಚ್ಚಿ ಮಾತಾಡುತ್ತಾರೆ. ಆ ಪುಟ್ಟ ಹುಡುಗಿ ನೇರವಾಗಿ ಶಾಂತಿಯ ಬಳಿ ಬಂದು, ತನ್ನ ತಂದೆ ತಾಯಿಯ ನಡುವಿನಿಂದ ದೂರ ಹೋಗುವಂತೆ ಬೇಡುತ್ತಾಳೆ. ಹಿರಿಯರು ಕುಳಿತು ಬಗೆಹರಿಸಬೇಕಾದ ಮಾತನ್ನು ಮಗು ಆಡಬೇಕಾಗುತ್ತದೆ.

ಶಾಂತಿ ಚಿತ್ರರಂಗವನ್ನೇ ಬಿಟ್ಟು ಹಳ್ಳಿಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳಲು ಹೋಗುತ್ತಾಳೆ. ಆದರೂ ಮನೆ ಕೂಡುವುದಿಲ್ಲ. ನ್ಯಾಯಾಲಯ ಮಗಳನ್ನು ತಾಯಿಗೆ ಒಪ್ಪಿಸುತ್ತದೆ. ಸುರೇಶ್ ಕುಡಿತಕ್ಕೆ ಬೀಳುತ್ತಾನೆ. ಚಿತ್ರಗಳು ಸೋಲುತ್ತವೆ. ನಿನ್ನೆ ಹಾರ ಹಾಕಿದ ಕೈಗಳೇ ಇಂದು ಬಾಗಿಲು ಮುಚ್ಚುತ್ತವೆ. ಹಳೆಯ ಒಪ್ಪಂದದ ಕಾರಣ ಮರಳಿ ಬರಬೇಕಾದ ಶಾಂತಿ ಅವನಿಗೆ ನೆರವಾಗಲು ಮುಂದಾದರೂ ಅವನ ಸ್ವಾಭಿಮಾನ ಒಪ್ಪುವುದಿಲ್ಲ. ಕೊನೆಗೆ ಒಂದು ಕಾಲದಲ್ಲಿ ತಾನೇ ಆಳಿದ ಸ್ಟುಡಿಯೋದಲ್ಲಿ, ನಿರ್ದೇಶಕನ ಕುರ್ಚಿಯ ಮೇಲೆ ಅವನು ಸತ್ತಿರುತ್ತಾನೆ. ಶವವನ್ನು ಬೇಗ ತೆಗೆಯಿರಿ, ಶೂಟಿಂಗ್ ನಿಲ್ಲಬಾರದು ಎಂಬ ಅವಸರ ಅಲ್ಲಿದ್ದವರಿಗೆ!

ಬೆಳಕು ಕಂಡವರು, ಕತ್ತಲೆ ಕಂಡವರು

ಈ ಚಿತ್ರವನ್ನು ಮೆಚ್ಚುವವರು ಮೊದಲು ಹೇಳುವುದು ಅದರ ಬೆಳಕಿನ ಬಗ್ಗೆ. ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರವಿದು. ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತವರು. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಯಲ್ಲಿ ಹಿಡಿದು, ಇನ್ನೊಂದು ಕನ್ನಡಿಯ ಮೂಲಕ ಸ್ಟುಡಿಯೋದ ಕತ್ತಲೆಗೆ ಒಂದು ಬೆಳಕಿನ ಕಂಬದಂತೆ ಇಳಿಸಿದರು. ಆ ಬೆಳಕಿನ ಎರಡು ಬದಿಗಳಲ್ಲಿ ಸುರೇಶ್ ಮತ್ತು ಶಾಂತಿ ನಿಂತಿರುತ್ತಾರೆ, ಹತ್ತಿರವಿದ್ದೂ ದೂರ. ಚಿತ್ರ ಸೋತರೂ ಮೂರ್ತಿಯವರ ಕೆಲಸಕ್ಕೆ ಫಿಲಂಫೇರ್ ಪ್ರಶಸ್ತಿ ಬಂತು. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಎಂಬ ಗೌರವವೂ ಅವರದಾಯಿತು. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಸೋಲಿನ ಪಾಲು ಮಾತ್ರ ಇತರರಿಗೂ ಹಂಚಿಕೆಯಾಯಿತು. ಅಬ್ರಾರ್ ಅಲ್ವಿ ಬರೆದ ಈ ಚಿತ್ರಕ್ಕೆ ಎಸ್.ಡಿ. ಬರ್ಮನ್‌ರ ಸಂಗೀತ, ಕೈಫಿ ಆಝ್ಮಿಯವರ ಗೀತೆಗಳು. ಹಾಡುಗಳು ಇಂದಿಗೂ ಬದುಕಿವೆ. ಆದರೆ ಅಂದು ಕೈಫಿಯವರಿಗೆ ಸಿಕ್ಕಿದ್ದು 'ಅದೃಷ್ಟ ಇಲ್ಲದ ಕವಿ' ಎಂಬ ಹಣೆಪಟ್ಟಿ. 1964ರಲ್ಲಿ 'ಹಕೀಕತ್' ಬರುವವರೆಗೂ ಅದು ಕಳಚಲಿಲ್ಲ. ಗುರುದತ್ ಮತ್ತೆಂದೂ ತಮ್ಮ ಹೆಸರಿನಲ್ಲಿ ಚಿತ್ರ ನಿರ್ದೇಶಿಸಲಿಲ್ಲ. ಮರುವರ್ಷವೇ ಅವರು ನಿರ್ಮಿಸಿ ನಟಿಸಿದ 'ಚೌದ್ವೀ ಕಾ ಚಾಂದ್' ತೆರೆಗೆ ಬಂತು. ಲಕ್ನೋದ ಮುಸ್ಲಿಮ್ ಮನೆಗಳ ಈ ಕಥೆಯನ್ನು ನಿರ್ದೇಶಿಸಿದವರು ಎಂ. ಸಾದಿಕ್. ತಿರಸ್ಕರಿಸಿದ ಜನರೇ ಇದಕ್ಕೆ ಮುಗಿಬಿದ್ದರು! ಜನರ ಮೆಚ್ಚುಗೆಯನ್ನು ನಂಬಿ ಬದುಕು ಕಟ್ಟಬಹುದೇ ಎಂಬ ಚಿತ್ರದ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ಬೇಕೇ?

ಇನ್ನು ಚಿತ್ರವನ್ನು ಒಪ್ಪದವರ ಮಾತು. ಕಥೆ ನಿಧಾನ, ನಾಯಕ ತನ್ನ ದುಃಖವನ್ನೇ ನೆಕ್ಕುತ್ತಾ ಕೂರುತ್ತಾನೆ, ಜಗತ್ತೆಲ್ಲ ತನಗೆ ಅನ್ಯಾಯ ಮಾಡಿತು ಎನ್ನುತ್ತಾನೆ ಎಂಬುದು ಅವರ ಆಕ್ಷೇಪ. ನಾವು ಮಹಿಳೆಯರು ಇದಕ್ಕೆ ಇನ್ನೊಂದನ್ನು ಸೇರಿಸಬಹುದು. ವೀಣಾಳ ಮನಸ್ಸಿನಲ್ಲಿ ಏನಿತ್ತು? ಚಿತ್ರ ಅವಳನ್ನು ಶ್ರೀಮಂತಿಕೆಯ ಗರ್ವದವಳೆಂದು ತೋರಿಸಿ ಮುಂದೆ ಹೋಗುತ್ತದೆ. ಗಂಡನ ಹೆಸರು ಇನ್ನೊಬ್ಬಳೊಂದಿಗೆ ಪತ್ರಿಕೆಯಲ್ಲಿ ಬಂದ ದಿನ ಅವಳ ಮನೆಯಲ್ಲಿ ಒಲೆ ಹೊತ್ತಿತೇ, ಅವಳು ಅತ್ತಳೇ, ನಮಗೆ ತಿಳಿಯುವುದಿಲ್ಲ. ಸುರೇಶನ ಕಣ್ಣೀರಿಗೆ ಸಿಕ್ಕಿದ ಬೆಳಕು ಅವಳಿಗೆ ಸಿಗಲಿಲ್ಲ.

ಹಾಡಿದವಳ ಕಥೆ

ಸುರೇಶ್ ಯಾರು ಎಂಬ ಬಗ್ಗೆಯೂ ಒಮ್ಮತವಿಲ್ಲ. ಗುರುದತ್‌ರ ಗುರುಗಳಂತಿದ್ದ ನಿರ್ದೇಶಕ ಜ್ಞಾನ್ ಮುಖರ್ಜಿಯವರ ಛಾಯೆ ಎಂದು ಕೆಲವರು, ಸ್ವತಃ ಗುರುದತ್ ಎಂದು ಹಲವರು. ಶಾಂತಿಯಾಗಿ ನಟಿಸಿದವರು ವಹೀದಾ ರೆಹಮಾನ್. ಅವರ ಮತ್ತು ಗುರುದತ್‌ರ ಹೆಸರನ್ನು ಸೇರಿಸಿ ಆಗಲೂ ಜನ ಮಾತಾಡುತ್ತಿದ್ದರು. ಆ ಬೆಳಕಿನ ಕಂಬದ ದೃಶ್ಯದಲ್ಲಿ ಕೇಳುವ ಹಾಡಿನ ದನಿ ಯಾರದೆಂದು ಗೊತ್ತೇ? ಗುರುದತ್‌ರ ಪತ್ನಿ ಗೀತಾರದು. ಅದೇ ಗೀತಾರನ್ನು ನಾಯಕಿಯಾಗಿಸಿ 'ಗೌರಿ' ಎಂಬ ಚಿತ್ರವನ್ನು ಗುರುದತ್ ಆರಂಭಿಸಿದ್ದರು. ಅದು ಅರ್ಧಕ್ಕೇ ನಿಂತುಹೋಗಿತ್ತು.

1964ರ ಅಕ್ಟೋಬರ್ 10ರಂದು ಗುರುದತ್ ಮುಂಬಯಿಯಲ್ಲಿ ಒಂಟಿಯಾಗಿ ತೀರಿಕೊಂಡರು. ವಯಸ್ಸು ಕೇವಲ 39. ಮದ್ಯ ಮತ್ತು ನಿದ್ರೆಮಾತ್ರೆ ಸೇರಿ ಜೀವ ತೆಗೆದವು. ಅದು ಆಕಸ್ಮಿಕವೋ ಅಲ್ಲವೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಮೂವರು ಮಕ್ಕಳೊಂದಿಗೆ ಉಳಿದ ಗೀತಾ 1972ರಲ್ಲಿ, 41ನೇ ವಯಸ್ಸಿನಲ್ಲಿ ನಿಧನರಾದರು. ಗುರುದತ್‌ರ ಬಗ್ಗೆ ಪುಸ್ತಕಗಳು ಬಂದವು, 2004ರಲ್ಲಿ ಅಂಚೆಚೀಟಿ ಬಂತು. ಗೀತಾರ ಮನೆಯ ರಾತ್ರಿಗಳ ಬಗ್ಗೆ ಬರೆದವರು ಕಡಿಮೆ.

ವಹೀದಾರ ದಾರಿ ಬೇರೆ. ಚಿತ್ರರಂಗಕ್ಕೆ ಬಂದ ಹೊಸದರಲ್ಲಿ ಹೆಸರು ಬದಲಿಸಿಕೊಳ್ಳಲು ಹೇಳಿದಾಗ, ತಂದೆ ತಾಯಿ ಇಟ್ಟ ಹೆಸರೇ ಸಾಕು ಎಂದವರು ಅವರು. ತನಗೆ ಒಪ್ಪದ ಉಡುಪು ತೊಡುವುದಿಲ್ಲ ಎಂಬುದನ್ನೂ ಒಪ್ಪಂದದಲ್ಲಿ ಬರೆಸಿಕೊಂಡರು. 1974ರಲ್ಲಿ ಮದುವೆಯಾದ ಬಳಿಕ ಬೆಂಗಳೂರಿನ ಬಳಿ ತೋಟದ ಮನೆಯಲ್ಲಿ ವರ್ಷಗಟ್ಟಲೆ ಸಂಸಾರ ನಡೆಸಿದರು. 2023ರಲ್ಲಿ ಅವರಿಗೆ ಫಾಲ್ಕೆ ಪ್ರಶಸ್ತಿ ಘೋಷಣೆಯಾಯಿತು. ಕೀರ್ತಿ ಬಂದಾಗಲೂ ತನ್ನ ಗಡಿ ಎಲ್ಲಿದೆ ಎಂದು ತಿಳಿದವರಿಗೆ ಅದನ್ನು ಹೊತ್ತು ನಡೆಯುವುದು ಅಷ್ಟು ಭಾರವಾಗುವುದಿಲ್ಲವೇನೋ.

ನಮ್ಮ ಪಾಲೆಷ್ಟು?

ನಮ್ಮ ಮನೆಯಲ್ಲಿ ನಿರ್ದೇಶಕರಿಲ್ಲ, ತಾರೆಯರಿಲ್ಲ, ಈ ಕಥೆ ನಮಗೇಕೆ ಎಂದು ನೀವು ಕೇಳಬಹುದು. ಪಮ್ಮಿಯನ್ನು ಮತ್ತೆ ನೆನಪಿಸಿಕೊಳ್ಳಿ. ಆ ಪತ್ರಿಕೆಯ ಗಾಳಿಮಾತನ್ನು ಮಕ್ಕಳು ತಾವಾಗಿ ಓದಿದ್ದರೇ? ಮನೆಯಲ್ಲಿ ಹಿರಿಯರು ಓದಿ, ನಕ್ಕು, ಆಡಿಕೊಂಡ ಮಾತು ಮಕ್ಕಳ ಬಾಯಿಗೆ ಬಂದಿರಬೇಕು. ಇಂದು ಅದಕ್ಕೆ ಪತ್ರಿಕೆಯೂ ಬೇಡ. ಯಾರದೋ ಸಂಸಾರ ಒಡೆದ ಸುದ್ದಿ ವಿಡಿಯೋ ಆಗಿ ನಮ್ಮ ಕೈಗೇ ಬರುತ್ತದೆ. ಅದನ್ನು ಇನ್ನೊಬ್ಬರಿಗೆ ಕಳುಹಿಸುವಾಗ ಆ ಮನೆಯಲ್ಲೂ ಶಾಲೆಗೆ ಹೋಗುವ ಮಗುವೊಂದಿದೆ ಎಂಬುದು ನಮಗೆ ನೆನಪಾಗುತ್ತದೆಯೇ?

ಚಿತ್ರವನ್ನು ಮೆಚ್ಚುವುದು, ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಹೊರಗಿನ ಚಪ್ಪಾಳೆಗೆ ಕಿವಿಗೊಟ್ಟು ಕುಳಿತವರಿಗೆ ಒಳಗಿನ ಅಳು ಕೇಳಿಸುವುದಿಲ್ಲ. ದುಡಿದು ದಣಿದು ಮನೆಗೆ ಬರುವವರೊಡನೆ, ಶಾಲೆಯಿಂದ ಮುಖ ಬಾಡಿಸಿಕೊಂಡು ಬರುವ ಮಕ್ಕಳೊಡನೆ ಇಂದು ಹತ್ತು ನಿಮಿಷ ಕುಳಿತು ಮಾತಾಡಿ. ಕಾಗದದ ಹೂವಿಗೆ ಯಾರೂ ನೀರೆರೆಯಬೇಕಿಲ್ಲ. ಮನೆಯಂಗಳದ ಗಿಡಕ್ಕೆ ಮಾತ್ರ ದಿನವೂ ಎರೆಯಬೇಕು.